ಬಂಗಾರಪೇಟೆಯೋ, ಕ್ಯಾಂಪಸ್ಸೋ

ಅರ್ಜಿಯ ಹದಿನಾಲ್ಕನೇ ಕಾಲಮ್ಮಿನಲ್ಲಿ ಎರಡು ಸಣ್ಣ ಸೊನ್ನೆಗಳಿದ್ದವು. ಒಂದರ ಮುಂದೆ ‘ಪ್ರಾದೇಶಿಕ ಸಂದರ್ಶನ, ಬಂಗಾರಪೇಟೆ’ ಎಂದಿತ್ತು. ಇನ್ನೊಂದರ ಮುಂದೆ ‘ಕ್ಯಾಂಪಸ್ ಸಂದರ್ಶನ’ ಎಂದಿತ್ತು. ಸುಮಿತಾ ಮೊದಲನೆಯ ಸೊನ್ನೆಯನ್ನು ಒತ್ತಿ, ಅರ್ಜಿ ಕಳಿಸಿ, ಮೊಬೈಲನ್ನು ಚಾರ್ಜಿಗೆ ಹಾಕಿ ಅವ್ವನ ಜೊತೆ ಬಟ್ಟೆ ಒಣಹಾಕಲು ಹೋದಳು. ಅವಳ ಅಪ್ಪ ಆಂಜಿನಪ್ಪ ಮಾರನೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಾಯಿ ಮುಚ್ಚಿಕೊಂಡು ಇಡ್ಲಿ ತಿಂದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಆಂಜಿನಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ನಟ್ಟು ಬೋಲ್ಟು ಎಣಿಸಿ ಕೊಡುತ್ತಿದ್ದವನಿಗೆ ಒಂದು ಬೋಲ್ಟೂ ತಪ್ಪುತ್ತಿರಲಿಲ್ಲ. ಆದರೆ ಯಾರಾದರೂ ದನಿ ತಗ್ಗಿಸಿ ಏನಾದರೂ ಹೇಳಿದರೆ ಸಾಕು, ಅದನ್ನು ಎಣಿಸದೆ, ತೂಗದೆ ಹಾಗೇ ಜಮಾ ಮಾಡಿಕೊಂಡುಬಿಡುವ ಸ್ವಭಾವ. ದನಿ ತಗ್ಗಿಸಿ ಮಾತಾಡುವುದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದ ನಾಗೇಶನನ್ನು ಮೀರಿಸುವವರು ಇಡೀ ಕಾರ್ಖಾನೆಯಲ್ಲಿರಲಿಲ್ಲ. ಇವತ್ತು ಕ್ಯಾಂಟೀನಿನಲ್ಲಿ ಉದ್ದಿನವಡೆ ಎನ್ನುವುದನ್ನೂ ಅವನು ರಾಜ್ಯದ ಗುಟ್ಟಿನ ಹಾಗೆ ಹೇಳುತ್ತಿದ್ದ.

“ಬಂಗಾರಪೇಟೆನಾ?” ಎಂದ ನಾಗೇಶ, ಸಾಂಬಾರಿನಲ್ಲಿ ನೊಣ ಕಂಡವನಂತೆ. “ಲೇ ಆಂಜಿನಪ್ಪ, ರೀಜನಲ್ ಇಂಟರ್‌ವ್ಯೂ ಅಂದ್ರೆ ಸುಮ್ಕೆ ಲೆಕ್ಕಕ್ಕೆ ಮಾಡೋದು ಕಣ್ಲಾ. ಯಾರೋ ಇಬ್ರು ಬತ್ತಾರೆ, ಕಾಫಿ ಕುಡೀತಾರೆ, ಓಗ್ತಾರೆ. ಕ್ಯಾಂಪಸ್‌ನಾಗಾದ್ರೆ ಮಗೀನ ಮಖ ನೋಡ್ತಾರೆ, ಅಪ್ಪನ ಮಖ ನೋಡ್ತಾರೆ. ತಲೆಯಿಂದ ಕಾಲ್‌ಗಂಟ ನೋಡಿ ಸೀಟ್ ಕೊಡ್ತಾರೆ.”

“ನಿನ್ ಮಗ ನವನೀತೂ ಅರ್ಜಿ ಹಾಕವ್ನಲ್ಲ, ನಾಗೇಶಣ್ಣ?”

“ಅವನ್ದು ಬಿಡು, ಅದೇನೋ ನೋಡ್ಕಂತೀನಿ. ನೀನು ನಮ್ಮೋನು ಅಂತ ನಿಂಗೊಬ್ನಿಗೇ ಏಳ್ತಿರೋದು. ಯಾರ್ ಮುಂದೂ ಬಾಯ್ಬಿಡಬ್ಯಾಡ.”

ವಿಷಯ ಸಣ್ಣದಾಗಿರಲಿಲ್ಲ. ನೀಟ್ ಪರೀಕ್ಷೆಯಲ್ಲಿ ಸುಮಿತಾಗೆ ಬಂದ ರ‍್ಯಾಂಕು ಸರ್ಕಾರಿ ಸೀಟಿನ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡಲಾಗದೆ ನಿಂತಿತ್ತು. ಖಾಸಗಿ ಸೀಟಿನ ಫೀಸನ್ನು ಆಂಜಿನಪ್ಪ ಒಮ್ಮೆ ಕೇಳಿ ತಿಳಿದುಕೊಂಡಿದ್ದ, ಇನ್ನೊಮ್ಮೆ ಕೇಳುವ ಧೈರ್ಯ ಮಾಡಿರಲಿಲ್ಲ. ಉಳಿದಿದ್ದು ಲೋಕಬಾಂಧವ ಟ್ರಸ್ಟಿನವರ ಮೆಡಿಕಲ್ ಕಾಲೇಜು ಒಂದೇ. ಹತ್ತು ‘ಸೇವಾ ಸೀಟು’ಗಳಿಗೆ ಅವರು ಫೀಸು ಕೇಳುತ್ತಿರಲಿಲ್ಲ, ಓದು ಮುಗಿದ ಮೇಲೆ ಐದು ವರ್ಷ ತನ್ನ ಊರಿನ ಕಡೆಯೇ ಡಾಕ್ಟರಾಗಿ ದುಡಿಯಬೇಕು, ಅಷ್ಟೆ. ರ‍್ಯಾಂಕಿನ ಜೊತೆ ಒಂದು ಸಂದರ್ಶನ. ಆ ಸಂದರ್ಶನವನ್ನು ಎಲ್ಲಿ ಕೊಡುವುದೆಂಬ ಆಯ್ಕೆ ಮಾತ್ರ ಅಭ್ಯರ್ಥಿಯದು.

ಅವತ್ತು ಸಂಜೆಯೇ ಆಂಜಿನಪ್ಪ ರಾಬರ್ಟ್‌ಸನ್‌ಪೇಟೆಯ ಸೈಬರ್ ಅಂಗಡಿಗೆ ಹೋಗಿ ಮೊದಲನೆಯ ಸೊನ್ನೆಯನ್ನು ಅಳಿಸಿ ಎರಡನೆಯದನ್ನು ಒತ್ತಿಸಿ ಬಂದ. ಮನೆಯಲ್ಲಿ ಹೇಳಿದಾಗ ಸುಮಿತಾ ಗೋಡೆಗೊರಗಿ ಕೂತುಬಿಟ್ಟಳು.

“ಅಪ್ಪ, ಬಂಗಾರಪೇಟೆಗೆ ಮುಕ್ಕಾಲು ಗಂಟೆ. ಅಲ್ಲಿಗೆ ಐದು ಗಂಟೆ. ಬೆಂಗಳೂರು ದಾಟಿ ಇನ್ನೂ ಬಸ್ಸಲ್ಲಿ ಹೋಗ್ಬೇಕು.”

“ದೂರ ಇದ್ರೇನೇ ಬೆಲೆ ಕಣಮ್ಮಿ.”

ಹೆಂಡತಿ ಆದಿಲಕ್ಷ್ಮಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: “ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ರೂ ನನ್ ಮಾತು ಒಂದಿನ ಕೇಳಿಲ್ಲ. ಆ ನಾಗೇಶ ಒಂದು ಇಡ್ಲಿ ತಿನ್ನೋ ಅಷ್ಟ್ರಲ್ಲಿ ಏಳಿದ್ನ ಕೇಳ್ಕಂಡು ಬಂದವ್ನೆ ನೋಡು.”

ಮಂಗಳವಾರ ಬೆಳಗಿನ ಗಾಡಿಗೆ ಅಪ್ಪ ಮಗಳು ಊರಿಗಾಂ ಸ್ಟೇಷನ್ನಿಗೆ ಬಂದರೆ ಪಕ್ಕದ ಮನೆಯ ಸೆಲ್ವರಾಜ್ ಆಗಲೇ ಇಸ್ತ್ರಿ ಅಂಗಿ ತೊಟ್ಟು, ಟಿಕೆಟ್ಟು ಕೊಂಡು ನಿಂತಿದ್ದ. ಸೆಲ್ವರಾಜ್ ಗಣಿ ಮುಚ್ಚುವವರೆಗೂ ನೆಲದಡಿಯಲ್ಲಿ ದುಡಿದವನು. ಈಗ ಎಪ್ಪತ್ತರ ಹತ್ತಿರ. ಕೆಮ್ಮು ಶುರುವಾದರೆ ಇಡೀ ಸಾಲುಮನೆಗೆ ಅಲಾರಂ.

“ಎನ್ನಾಪ್ಪಾ ಆಂಜಿನಪ್ಪಾ, ನನ್ನ ಬಿಟ್ಟು ಓಗ್ತೀಯಾ? ಆ ಕಾಲೇಜಲ್ಲಿ ನಮ್ಮ ತಂಗಚ್ಚಿ ಮಗ ಕುಮರೇಸನ್ ಇರ‍್ತಾನೆ. ಗೇಟಲ್ಲಿ ಸೆಕ್ಯೂರಿಟಿ. ಅವನು ಒಂದು ಮಾತು ಏಳಿದ್ರೆ ಮುಗೀತು.”

“ಗೇಟ್‌ನೋನು ಏಳಿದ್ರೆ ಸೀಟ್ ಕೊಡ್ತಾರಾ ಮಾಮ?” ಎಂದು ಸುಮಿತಾ ಕೇಳಿದಳು.

“ಗೇಟ್ ದಾಟದೆ ಸೀಟ್ ಎಂಗಮ್ಮಾ ಸಿಗುತ್ತೆ?” ಎಂದ ಸೆಲ್ವರಾಜ್.

ಗಾಡಿ ಬಂಗಾರಪೇಟೆಯಲ್ಲಿ ನಿಂತಾಗ ಸುಮಿತಾ ಕಿಟಕಿಯಿಂದ ಹೊರಗೆ ನೋಡಿ, “ಇಲ್ಲೇ ಬಸ್‌ಸ್ಟ್ಯಾಂಡ್ ಹಿಂದಿನ ಛತ್ರದಲ್ಲಂತೆ. ಹತ್ತು ಗಂಟೆಗೆ ಮುಗಿದು ಹೋಗ್ತಿತ್ತು” ಎಂದಳು. ಆಂಜಿನಪ್ಪ ಕಿಟಕಿ ಎಳೆದು ಮುಚ್ಚಿದ. ಗಾಳಿಗೆ ಮಗಳ ತಲೆಕೂದಲು ಕೆದರುತ್ತದೆಂದು ಕಾರಣ ಕೊಟ್ಟ.

ಬೆಂಗಳೂರಿನಲ್ಲಿ ಇಳಿದು, ಎರಡು ಬಸ್ಸು ಬದಲಾಯಿಸಿ, ಎರಡನೆಯ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಕಾಲೇಜಿನ ಗೇಟು ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಸಂದರ್ಶನ ಹನ್ನೆರಡಕ್ಕೆ. ಗೇಟಿನಲ್ಲಿ ಕುಮರೇಸನ್ ಇರಲಿಲ್ಲ.

“ಅವ್ರು ಇವತ್ತು ರಜಾ” ಎಂದ ಅಲ್ಲಿದ್ದವನು. “ಊರಿಗೆ ಹೋಗವ್ರೆ. ಕೆಜಿಎಫ್‌ನಲ್ಲಿ ಮಾವನ ಮನೆ ಇದೆಯಂತೆ.”

ಸೆಲ್ವರಾಜ್ ಗಾಬರಿಯಿಂದ ಫೋನು ಹಚ್ಚಿದ. ಆ ಕಡೆಯಿಂದ ಕುಮರೇಸನ್ ದನಿ ಮೂವರಿಗೂ ಕೇಳುವಷ್ಟು ಜೋರಾಗಿ ಬಂತು: “ಮಾಮಾ! ನಿಮ್ ಮನೆ ಬಾಗಿಲಲ್ಲೇ ನಿಂತಿದ್ದೀನಿ. ಬೀಗ ಹಾಕೈತೆ. ಎಂಗ ಮಾಮಾ ಪೋನೀಂಗ?”

ಎಲ್ಲಿಗೆ ಹೋದಿರಿ ಮಾವ ಎಂದರೆ ಸೆಲ್ವರಾಜ್ ಏನು ಹೇಳಬೇಕು? “ನಿನ್ನ ನೋಡಕ್ಕೇ ಬಂದೆನಪ್ಪಾ” ಎಂದು ಫೋನು ಇಟ್ಟ.

ಗೇಟಿನವನು ಒಳಗೆ ಕೈ ತೋರಿಸಿದ. ಕಾಲೇಜು, ಆಸ್ಪತ್ರೆ ಎರಡೂ ಒಂದೇ ಅಂಗಳದಲ್ಲಿದ್ದವು. ಸಂದರ್ಶನದ ಹಾಲ್ ಯಾವ ಮಹಡಿಯೆಂದು ಕೇಳಿಕೊಂಡು ಬರುತ್ತೇನೆ, ಇಲ್ಲೇ ಇರಿ, ಎಲ್ಲೂ ಅಲ್ಲಾಡಬೇಡಿ ಎಂದು ಹೇಳಿ ಸುಮಿತಾ ಹೋದಳು. ಅವಳು ಆ ಕಡೆ ಹೋದದ್ದೇ ತಡ, ಆಂಜಿನಪ್ಪನ ಕಣ್ಣಿಗೆ ಒಂದು ಉದ್ದನೆಯ ಸಾಲು ಬಿತ್ತು. ಇಷ್ಟು ಜನ ನಿಂತಿದ್ದಾರೆಂದರೆ ಏನೋ ಇದೆ, ಹಿಂದೆ ಬಿದ್ದರೆ ಕೆಟ್ಟೆವು ಎಂದುಕೊಂಡು ಸೆಲ್ವರಾಜನನ್ನೂ ಎಳೆದುಕೊಂಡು ಹೋಗಿ ನಿಂತ. ಕಾಲು ಗಂಟೆಯಲ್ಲಿ ಕೌಂಟರು ಬಂತು.

“ಹೊಸಬ್ರಾ, ಹಳಬ್ರಾ?” ಎಂದಳು ಒಳಗಿದ್ದ ಹುಡುಗಿ.

“ಒಸಬ್ರಮ್ಮ.”

“ಹೆಸ್ರು, ವಯಸ್ಸು?”

ಹೇಳಿದ. ಅಪ್ಪನನ್ನೂ ನೋಡುತ್ತಾರೆಂದು ನಾಗೇಶ ಹೇಳಿದ್ದು ಸುಳ್ಳಲ್ಲ ಎಂದು ಮನಸ್ಸಿಗೆ ಸಮಾಧಾನವೂ ಆಯಿತು.

“ಏನ್ ಪ್ರಾಬ್ಲಂ?”

“ಸೀಟಿಂದೇ ಪ್ರಾಬ್ಲಂ ಕಣಮ್ಮ.”

ಹುಡುಗಿ ತಲೆ ಎತ್ತಿ ನೋಡಿದಳು. “ಎಷ್ಟು ದಿನದಿಂದ?”

“ರಿಜಲ್ಟ್ ಬಂದಾಗಿಂದ ನೆಟ್ಟಗೆ ಕುಂತ್ಕಳಕ್ಕೆ ಆಯ್ತಿಲ್ಲ.”

ಹುಡುಗಿ ಕರುಣೆಯಿಂದ ಒಂದು ಚೀಟಿ ಬರೆದು, “ಸರ್ಜರಿ, ರೂಮ್ ಹದಿನೇಳು” ಎಂದಳು.

ಹದಿನೇಳನೇ ರೂಮಿನಲ್ಲಿ ಬಿಳಿ ಕೋಟಿನ ಆರೇಳು ಹುಡುಗ ಹುಡುಗಿಯರೂ ಅವರ ನಡುವೆ ನರೆಗೂದಲ ಪ್ರೊಫೆಸರೊಬ್ಬರೂ ನಿಂತಿದ್ದರು. ಆಂಜಿನಪ್ಪನನ್ನು ಎತ್ತರದ ಮಂಚದ ಮೇಲೆ ಮಲಗಿಸಿದರು. ಅಂಗಿ ತೆಗೆಯಿರಿ ಎಂದರು, ತೆಗೆದ. ನಾಲಗೆ ಚಾಚಿ ಎಂದರು, ಚಾಚಿದ. ತಲೆಯಿಂದ ಕಾಲಿನ ತನಕ ನೋಡುತ್ತಾರೆಂದು ನಾಗೇಶ ಹೇಳಿದ್ದನಲ್ಲ. ಈ ಪಾಟಿ ನೋಡುತ್ತಾರೆಂದು ಮಾತ್ರ ಗೊತ್ತಿರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದ ಹುಡುಗ ಸಂಖ್ಯೆ ಹೇಳಿದಾಗ ಎಲ್ಲರೂ ಒಂದು ಹೆಜ್ಜೆ ಹತ್ತಿರ ಬಂದರು.

“ನೋಡಿ, ಬೆವರ‍್ತಿದ್ದಾರೆ. ಕೈ ನಡುಗ್ತಿದೆ. ಬಿ.ಪಿ. ಜಾಸ್ತಿ ಇದೆ. ಏನಿರಬಹುದು?” ಎಂದರು ಪ್ರೊಫೆಸರು.

“ಥೈರಾಯ್ಡ್ ಸರ್” ಎಂದಳೊಬ್ಬಳು.

“ಹಾರ್ಟ್ ಸರ್” ಎಂದನೊಬ್ಬ.

“ಕುಡಿಯೋದು ನಿಲ್ಸಿದ್ದಾರೆ ಅನ್ಸುತ್ತೆ ಸರ್” ಎಂದ ಇನ್ನೊಬ್ಬ.

ಕುಡಿತದ ಮಾತು ಬಂದದ್ದೇ ಆಂಜಿನಪ್ಪ ಎದ್ದು ಕೂತ. “ಸಾರ್, ನಮ್ ಮನೆತನದಾಗೇ ಆ ಅಭ್ಯಾಸ ಇಲ್ಲ. ಬೇಕಾದ್ರೆ ನಾಗೇಶನ್ನ ಕೇಳಿ!”

“ಆಯ್ತು, ಮಲ್ಕೊಳ್ಳಿ. ಎಡಗಡೆ ತಿರುಗಿ, ಪ್ಯಾಂಟ್ ಸ್ವಲ್ಪ ಸಡ್ಲ ಮಾಡಿ.”

ಮೆಡಿಕಲ್ ಸೀಟಿಗೂ ಪ್ಯಾಂಟಿಗೂ ಏನು ಸಂಬಂಧವೆಂದು ಆಂಜಿನಪ್ಪನಿಗೆ ಮೊದಲ ಸಲ ಅನುಮಾನ ಬಂತು. ಎರಡೂ ಕೈಯಿಂದ ಬೆಲ್ಟು ಹಿಡಿದುಕೊಂಡು ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಸೆಲ್ವರಾಜನ ಕೆಮ್ಮಿನ ಜಾಡು ಹಿಡಿದು ಹುಡುಕಿಕೊಂಡು ಬಂದ ಸುಮಿತಾ ಒಳಗೆ ನುಗ್ಗಿದಳು.

“ಸರ್, ಇವ್ರು ನಮ್ಮಪ್ಪ. ಇವ್ರಿಗೆ ಕಾಯಿಲೆ ಇಲ್ಲ ಸರ್. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮೂರು ಕಾಫಿ ಕುಡಿದಿದ್ದಾರೆ. ಬಸ್‌ಸ್ಟಾಪಿಂದ ಓಡ್ಕೊಂಡು ಬಂದಿದ್ದಾರೆ. ಹತ್ತು ನಿಮಿಷ ಸುಮ್ನೆ ಕೂರಿಸಿ ಆಮೇಲೆ ಬಿ.ಪಿ. ನೋಡಿದ್ರೆ ಸರಿ ಇರುತ್ತೆ.”

ಪ್ರೊಫೆಸರು ಆಂಜಿನಪ್ಪನಿಗೆ ಎರಡು ಬಿಸ್ಕತ್ತು ಕೊಡಿಸಿ ಸುಮ್ಮನೆ ಕೂರಿಸಿದರು. ಮತ್ತೆ ನೋಡಿದಾಗ ಬಿ.ಪಿ. ಸರಿಯಿತ್ತು. ಬಿಳಿ ಕೋಟುಗಳೆಲ್ಲ ನೆಲ ನೋಡಿದವು.

“ನೀವೆಲ್ಲ ರೋಗ ಹುಡುಕಿದ್ರಿ, ಈ ಹುಡುಗಿ ರೋಗೀನ ನೋಡಿದ್ಲು” ಎಂದರು ಪ್ರೊಫೆಸರು. “ಯಾವ ಬ್ಯಾಚಮ್ಮ ನೀನು?”

“ಇನ್ನೂ ಸೇರಿಲ್ಲ ಸರ್. ಸೇವಾ ಸೀಟಿನ ಸಂದರ್ಶನಕ್ಕೆ ಬಂದೆ.”

ಪ್ರೊಫೆಸರ ಮುಖ ಅರಳಿ, ಹಾಗೇ ಬಾಡಿತು. “ನಿನ್ನಂಥವ್ರು ಬೇಕಮ್ಮ. ಆದ್ರೆ ಸಂದರ್ಶನದ ಕಮಿಟಿಗೆ ನನ್ನನ್ನ ಹಾಕಲ್ಲ. ನಾನು ಬರೀ ಪಾಠ ಮಾಡೋನು.”

ಮೂರನೇ ಮಹಡಿಯ ಹಾಲಿಗೆ ಕಾಲಿಟ್ಟಾಗ ಆಂಜಿನಪ್ಪನಿಗೆ ದಾರಿ ತಪ್ಪಿ ವಾಪಸು ಊರಿಗೇ ಬಂದೆನೇನೋ ಅನ್ನಿಸಿತು. ಮೊದಲನೇ ಸಾಲಿನಲ್ಲಿ ಅಕೌಂಟ್ಸಿನ ಗುಂಡೂರಾವ್ ಮಗನೊಂದಿಗೆ ಕೂತಿದ್ದರು. ಅವರ ಹಿಂದೆ ಕ್ಯಾಂಟೀನಿನ ಸೂಪರ್‌ವೈಸರು, ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯವರು, ಬೂದಿಕೋಟೆಯ ಮೇಷ್ಟ್ರು. ಕಿಟಕಿಯ ಹತ್ತಿರ ಅವನ ಮನೆಯ ಹಿಂದಿನ ಬೀದಿಯ ಪಾಪಕ್ಕ, ತಮ್ಮನ ಮಗಳು ಅಕ್ಷರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದಳು. ಬೀದಿಯ ಮೂವತ್ತು ಮನೆಗೂ ಸುದ್ದಿ ಮುಟ್ಟಿಸುವ ವಾಟ್ಸಾಪ್ ಗುಂಪು ಕಟ್ಟಿದ್ದು ಇದೇ ಪಾಪಕ್ಕ.

“ನೀನೂ ಬಂದ್ಯಾ?” ಎಂದಳು ಪಾಪಕ್ಕ, ಕಳ್ಳನನ್ನು ಹಿಡಿದವಳಂತೆ.

“ನಿಂಗ್ಯಾರು ಏಳಿದ್ದು, ಇಲ್ಲಿಗೆ ಬಾ ಅಂತ?”

“ನಾಗೇಶ. ನಂಗೊಬ್ಳಿಗೇ ಏಳ್ತಿರೋದು ಅಂದ.”

“ನನಗೂ ಅವನೇ” ಎಂದರು ಗುಂಡೂರಾವ್. “ಗುಟ್ಟಾಗಿರಲಿ ಅಂದಿದ್ದ.” ಬಟ್ಟೆ ಅಂಗಡಿಯವರೂ ಹೌದೆಂದು ತಲೆ ಆಡಿಸಿದರು.

ಹನ್ನೆರಡಾಯಿತು. ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ, ಮೇಜು ಇರಲಿಲ್ಲ. ಬಾಗಿಲಷ್ಟು ದೊಡ್ಡ ಟಿ.ವಿ. ಒಂದಿತ್ತು. ಅದರ ಪಕ್ಕದಲ್ಲಿ ವೇಣು ಎಂಬ ಆಫೀಸಿನವನು ದಪ್ಪ ನಿಯಮಾವಳಿಯೊಂದನ್ನು ಎಳೆಗೂಸಿನಂತೆ ಎದೆಗವಚಿಕೊಂಡು ನಿಂತಿದ್ದ.

“ಸಾರ್, ಇಂಟರ್‌ವ್ಯೂ ಮಾಡೋರು ಎಲ್ಲವ್ರೆ?” ಎಂದು ಆಂಜಿನಪ್ಪ ಕೇಳಿದ.

“ಕಮಿಟಿ ಇರೋದು ಒಂದೇ” ಎಂದ ವೇಣು. “ಇವತ್ತು ಪ್ರಾದೇಶಿಕ ಸಂದರ್ಶನಕ್ಕೆ ಹೋಗಿದ್ದಾರೆ. ನಿಮ್ಮನ್ನ ಅಲ್ಲಿಂದಲೇ ಟಿ.ವಿ.ಯಲ್ಲಿ ಮಾತಾಡಿಸ್ತಾರೆ.”

“ಎಲ್ಲಿಗೆ ಓಗವ್ರೆ?”

“ಬಂಗಾರಪೇಟೆಗೆ.”

ಕೆಮ್ಮುತ್ತಿದ್ದ ಸೆಲ್ವರಾಜ್ ಕೂಡ ತಲೆ ಎತ್ತಿ ನೋಡಿದ. “ಅಂದ್ರೆ ಕ್ಯಾಂಪಸ್ ಇಂಟರ್‌ವ್ಯೂ ಅಂದ್ರೆ...” ಎಂದ ಆಂಜಿನಪ್ಪ.

“ನೀವು ಕ್ಯಾಂಪಸ್‌ನಲ್ಲಿರಬೇಕು ಅಂತ ಅರ್ಥ. ಅವರು ಇರಬೇಕು ಅಂತ ಎಲ್ಲೂ ಬರೆದಿಲ್ಲ” ಎಂದು ವೇಣು ನಿಯಮಾವಳಿಯ ಬೆನ್ನು ಸವರಿದ.

ಟಿ.ವಿ. ಬೆಳಗಿತು. ಹಿಂದಿನ ದಿನದ ಮದುವೆಯ ಹೂವಿನ ಕಮಾನು ಇನ್ನೂ ಬಿಚ್ಚದ ಛತ್ರದ ವೇದಿಕೆ. ಅದರ ಕೆಳಗೆ ಮೂವರು ಹಿರಿಯರು, ನಡುವೆ ಕನ್ನಡಕದ ಡಾಕ್ಟರಮ್ಮ. ಅವರು ಅಧ್ಯಕ್ಷರು. ಮೂವರ ಕೈಯಲ್ಲೂ ಪಾನಿಪೂರಿಯ ಬಟ್ಟಲು. ಬಂಗಾರಪೇಟೆಗೇ ಹೆಸರಾದ, ನೀರಿನಂತೆ ತಿಳಿಯಾದ ಪಾನಿ. ಹಿಂದಿನಿಂದ ಒಬ್ಬ ಇನ್ನೊಂದು ತಟ್ಟೆ ಹಿಡಿದು ಬಾಗಿ, “ಇನ್ನೊಂದೆರಡು ಆಗ್ಲಿ ಮೇಡಂ, ಇದು ನಮ್ಮೂರ ಸ್ಪೆಷಲ್ಲು” ಎನ್ನುತ್ತಿದ್ದ.

ಅವನು ನಾಗೇಶ. ಪಕ್ಕದಲ್ಲಿ ಟೈ ಕಟ್ಟಿಕೊಂಡು ನವನೀತ್ ಕೂತಿದ್ದ. ಛತ್ರದ ಉಳಿದ ಇನ್ನೂರು ಕುರ್ಚಿಗಳೂ ಖಾಲಿ.

ಹಾಲಿನಲ್ಲಿ ಎದ್ದ ಗದ್ದಲ ಅಲ್ಲಿಗೂ ಕೇಳಿರಬೇಕು. ನಾಗೇಶ ತಲೆ ಎತ್ತಿ ನೋಡಿದ. ಅವನ ಎದುರಿನ ಪರದೆಯಲ್ಲಿ ಅವನಿಂದ ಗುಟ್ಟು ಕೇಳಿದವರೆಲ್ಲ ಸಾಲಾಗಿ ಕೂತಿದ್ದರು. ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು ಮೆಲ್ಲನೆ ಪರದೆಯಿಂದ ಆಚೆ ಸರಿದ.

“ಮೊದಲು ಸುಮಿತಾ” ಎಂದರು ಡಾಕ್ಟರಮ್ಮ, ಕೆನ್ನೆಯಲ್ಲೊಂದು ಪೂರಿ ಇಟ್ಟುಕೊಂಡೇ. “ಯಾಕಮ್ಮ ಡಾಕ್ಟರ್ ಆಗ್ಬೇಕು?”

ಸುಮಿತಾ ಬಾಯಿಪಾಠ ಮಾಡಿಕೊಂಡು ಬಂದಿದ್ದ ಉತ್ತರವೊಂದಿತ್ತು. ಅದು ಅವಳಿಗೆ ನೆನಪಾಗಲಿಲ್ಲ. ಹಿಂದೆ ಸೆಲ್ವರಾಜ್ ಕೆಮ್ಮುತ್ತಿದ್ದ.

“ಈ ಕೆಮ್ಮು ಕೇಳ್ತಿದೆಯಾ ಮೇಡಂ? ಇವ್ರು ನಮ್ಮ ಪಕ್ಕದ ಮನೆಯವ್ರು. ಗಣೀಲಿ ಇಪ್ಪತ್ತು ವರ್ಷ ಇದ್ದವ್ರು. ನಮ್ಮ ಸಾಲುಮನೆಗಳಲ್ಲಿ ಬೆಳಿಗ್ಗೆ ಯಾವ ಮನೇಲಿ ಯಾರು ಎದ್ರು ಅಂತ ನಾನು ಕೆಮ್ಮು ಕೇಳಿನೇ ಹೇಳ್ತೀನಿ. ಡಾಕ್ಟ್ರ ಹತ್ರ ಹೋಗಿ ಅಂದ್ರೆ, ಬಸ್ಸು ಹತ್ತೋಕೆ ಉಸಿರು ಸಾಲಲ್ಲ ಅಂತಾರೆ. ಅವ್ರಿಂದ ಬರಕ್ಕಾಗಲ್ಲ ಅಂದ್ಮೇಲೆ ಡಾಕ್ಟ್ರೇ ಆ ಸಾಲಿಗೆ ಹೋಗ್ಬೇಕು. ಯಾರೂ ಹೋಗ್ತಿಲ್ಲ. ಅದಕ್ಕೆ ನಾನು.”

ಬಂಗಾರಪೇಟೆಯಲ್ಲಿ ಮೂವರೂ ಅಗಿಯುವುದು ನಿಲ್ಲಿಸಿದರು. ಡಾಕ್ಟರಮ್ಮ ಬಟ್ಟಲು ಕೆಳಗಿಟ್ಟು, ಕರವಸ್ತ್ರದಿಂದ ಬೆರಳು ಒರೆಸಿಕೊಂಡು, ಕಾಗದದ ಮೇಲೆ ಏನೋ ಬರೆದರು. ಪಕ್ಕದವರು ಬಗ್ಗಿ ನೋಡಿ, “ಹತ್ತಕ್ಕೆ ಒಂಬತ್ತೂವರೆ? ಸರಿ, ಸರಿ” ಎಂದದ್ದು ಮೈಕಿನಲ್ಲಿ ಕೇಳಿತು. ಆಂಜಿನಪ್ಪನ ಕಣ್ಣು ಮಂಜಾಯಿತು. ಸೆಲ್ವರಾಜ್ ಮಾತ್ರ, ಕೆಮ್ಮಿದ್ದು ತಾನು, ಅರ್ಧ ಮಾರ್ಕಾದರೂ ತನ್ನದು ಎಂಬಂತೆ ಕಾಲರು ಸರಿಮಾಡಿಕೊಂಡ.

“ಈ ಸಾಲು ಯಾವ ಊರಲ್ಲಮ್ಮ?” ಎಂದರು ಡಾಕ್ಟರಮ್ಮ.

“ಕೆಜಿಎಫ್, ಊರಿಗಾಂ ಮೇಡಂ.”

“ಇಲ್ಲಿಂದ ಎಷ್ಟು ದೂರ ಅದು?”

ಪರದೆಯ ಆಚೆಯಿಂದ ನಾಗೇಶನ ದನಿ ತಡೆಯಲಾರದೆ ಬಂತು: “ಇಲ್ಲೇ ಪಕ್ಕ ಮೇಡಂ, ಹದಿನೈದು ಕಿಲೋಮೀಟ್ರು.”

“ಮತ್ತೆ ಅಲ್ಲಿಗೆ ಯಾಕೆ ಹೋದ್ರಿ?” ಸುಮಿತಾ ಅಪ್ಪನ ಕಡೆ ನೋಡಿದಳು. ಆಂಜಿನಪ್ಪ ಚಾವಣಿಯ ಕಡೆ ನೋಡಿದ. ಡಾಕ್ಟರಮ್ಮ ಪಟ್ಟಿ ಓದತೊಡಗಿದರು. “ರಾಬರ್ಟ್‌ಸನ್‌ಪೇಟೆ. ಬೂದಿಕೋಟೆ. ಮಾರಿಕುಪ್ಪಂ. ಇದೇನಿದು, ಬಂಗಾರಪೇಟೆ, ಬಸ್‌ಸ್ಟ್ಯಾಂಡ್ ಹಿಂಭಾಗ? ಅದು ಈ ಛತ್ರದ ಗೋಡೆ ಆಚೆ ಅಲ್ವೇನ್ರಿ? ವೇಣು, ಅಲ್ಲಿ ಕೋಲಾರ ಜಿಲ್ಲೆಯ ಅಭ್ಯರ್ಥಿಗಳು ಎಷ್ಟು ಜನ ಇದ್ದಾರೆ ಎಣಿಸಿ.”

ವೇಣು ಎಣಿಸಿದ. ಮೂವತ್ತೊಂದು. ಎಣಿಸುತ್ತಿದ್ದಂತೆ ಅವನ ಮುಖಕ್ಕೆ ಹಬ್ಬದ ಕಳೆ ಬಂತು. ನಿಯಮಾವಳಿಯನ್ನು ಬಿಚ್ಚಿ ಬೆರಳಿಟ್ಟ.

“ಮೇಡಂ, ನಿಯಮ ಹನ್ನೊಂದು. ಪ್ರಾದೇಶಿಕ ಕೇಂದ್ರಕ್ಕೆ ಐದಕ್ಕಿಂತ ಕಡಿಮೆ ಅಭ್ಯರ್ಥಿಗಳು ಬಂದರೆ ಆ ಸಂದರ್ಶನ ರದ್ದು. ಅಲ್ಲಿರೋದು ಒಬ್ಬನೇ. ನಿಯಮ ಹನ್ನೆರಡು. ಕ್ಯಾಂಪಸ್ಸಿಗೆ ಒಂದೇ ಜಿಲ್ಲೆಯಿಂದ ಇಪ್ಪತ್ತಕ್ಕಿಂತ ಹೆಚ್ಚು ಜನ ಬಂದರೆ, ಅವರ ಅನುಕೂಲಕ್ಕಾಗಿ ಕ್ಯಾಂಪಸ್ ಸಂದರ್ಶನ ರದ್ದು ಮಾಡಿ, ಅವರ ಜಿಲ್ಲೆಯಲ್ಲೇ ನಡೆಸತಕ್ಕದ್ದು.”

“ಅಂದ್ರೆ?”

“ಅಲ್ಲಿಯದೂ ರದ್ದು, ಇಲ್ಲಿಯದೂ ರದ್ದು.”

ಬಂಗಾರಪೇಟೆಯಿಂದ ತಟ್ಟೆಯೊಂದು ಬಿದ್ದ ಸದ್ದು ಕೇಳಿತು. ಆಂಜಿನಪ್ಪ ಎದ್ದು ನಿಂತ. “ಸಾರ್, ನಮ್ ಮಗೀದು ಇಂಟರ್‌ವ್ಯೂ ಆಗೋಯ್ತಲ್ಲ ಸಾರ್! ಒಂಬತ್ತೂವರೆ ಅಂದ್ರಲ್ಲ!”

“ಆಗಿದೆ” ಎಂದ ವೇಣು. “ಆದ್ರೆ ಆಗಿಲ್ಲ.”

“ಇದ್ನ ಮೊದ್ಲೇ ಏಳಬಾರದಿತ್ತಾ?”

“ನಿಯಮ ಅನ್ವಯ ಆಗೋದು ಎಣಿಸಿದ ಮೇಲೆ.”

ಡಾಕ್ಟರಮ್ಮ ತಲೆ ಚಚ್ಚಿಕೊಂಡರು, ಆದರೆ ಟ್ರಸ್ಟಿನ ನಿಯಮದ ಮುಂದೆ ಅವರೂ ಅಸಹಾಯಕರು. ಮುಂದಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಸದಾಗಿ ಸಂದರ್ಶನ, ಬಂಗಾರಪೇಟೆಯ ಅದೇ ಛತ್ರದಲ್ಲಿ. ಕಮಿಟಿ ಬೇರೆ. ಯಾರಿಗಾದರೂ ಕ್ಯಾಂಪಸ್ಸೇ ಬೇಕೆನಿಸಿದರೆ ಗುರುವಾರದ ತನಕ ಮೊಬೈಲಿನಲ್ಲೇ ಒಟಿಪಿ ಹಾಕಿ ಕೇಂದ್ರ ಬದಲಿಸಿಕೊಳ್ಳಬಹುದು. ಇಷ್ಟನ್ನು ಓದಿ ಹೇಳಿ ವೇಣು ಟಿ.ವಿ. ಆರಿಸಿದ.

ಸಂಜೆಯ ಮಾರಿಕುಪ್ಪಂ ಗಾಡಿಯಲ್ಲಿ ಮೂವತ್ತೊಂದು ಮನೆಯವರೂ ಒಂದೇ ಬೋಗಿಯಲ್ಲಿ ವಾಪಸು ಹೊರಟರು. ದಾರಿಯುದ್ದಕ್ಕೂ ನಾಗೇಶನಿಗೆ ಮೂರು ಭಾಷೆಯಲ್ಲಿ ಮಂಗಳಾರತಿ ನಡೆಯಿತು. ಕನ್ನಡದಲ್ಲಿ ಬೈಗುಳ ತೀರಿದವರು ತೆಲುಗಿಗೆ ದಾಟಿದರು, ತೆಲುಗೂ ಸಾಲದಾದಾಗ ಸೆಲ್ವರಾಜ್ ತಮಿಳು ಒದಗಿಸಿದ. ಮಾಲೂರು ಬರುವ ಹೊತ್ತಿಗೆ ಎಲ್ಲರೂ ಸುಸ್ತಾಗಿ ಸುಮ್ಮನಾದರು. ಸುಮಿತಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ಪಾಪಕ್ಕ ಬಂದು ಆಂಜಿನಪ್ಪನ ಎದುರಿಗೆ ಕೂತಳು. “ಅಲ್ಲಪ್ಪಾ, ಸೋಮವಾರಕ್ಕೆ ಬಂಗಾರಪೇಟೆನೇ ಇಟ್ಕಳದಾ, ಇಲ್ಲಾ ಕ್ಯಾಂಪಸ್‌ಗೇ ಬದಲಾಯಿಸ್ಕಳದಾ? ನಿನ್ ಮಗಳು ಜಾಣೆ. ನೀನೇನ್ ಮಾಡ್ತೀಯಾ ಏಳು, ನಾನೂ ಅಂಗೇ ಮಾಡ್ತೀನಿ.”

ಆಂಜಿನಪ್ಪ ಪ್ರಾಮಾಣಿಕ. ಇಪ್ಪತ್ತಾರು ವರ್ಷದಲ್ಲಿ ಸ್ಟೋರ್ಸಿನ ಒಂದು ವಾಶರನ್ನೂ ಮನೆಗೆ ತಂದವನಲ್ಲ. ಆದರೆ ಮಲಗಿದ್ದ ಮಗಳ ಮುಖ ನೋಡಿದ. ಕೈಗೆ ಬಂದು ಜಾರಿದ ಒಂಬತ್ತೂವರೆ ನೆನಪಾಯಿತು. ಹತ್ತು ಸೀಟು, ಸೋಮವಾರ ಆ ಛತ್ರದಲ್ಲಿ ಮೂವತ್ತೆರಡು ಮಕ್ಕಳು, ಹೊಸ ಕಮಿಟಿ. ಅರ್ಧದಷ್ಟು ಮಂದಿ ಆ ಕಡೆ ಹೋದರೆ? ಅವನಿಗೇ ಗೊತ್ತಾಗದಂತೆ ಅವನ ದನಿ ತಗ್ಗಿತು.

“ಪಾಪಕ್ಕಾ, ನೀನು ನಮ್ಮೋಳು ಅಂತ ಏಳ್ತೀನಿ. ಕ್ಯಾಂಪಸ್ಸೇ. ಇವತ್ತು ನನ್ನ ಮೈಕೈ ಮುಟ್ಟಿ ನೋಡಿದ್ರಲ್ಲ ದೊಡ್ಡ ಡಾಕ್ಟ್ರು, ಸೋಮವಾರ ಅಲ್ಲಿ ಕೂರೋದು ಅವ್ರೇ. ಭಾರಿ ಒಳ್ಳೇ ಮನುಷ್ಯ.”

ಪಾಪಕ್ಕ ಅವನ ಕೈ ಹಿಡಿದು ಅದುಮಿ, ಸೆರಗು ಸಿಕ್ಕಿಸಿಕೊಂಡು, ಬೋಗಿಯ ಆ ತುದಿಗೆ ನಡೆದಳು.

ಟೇಕಲ್ ದಾಟುವಾಗ ಸುಮಿತಾಗೆ ಎಚ್ಚರವಾಯಿತು. ಆಂಜಿನಪ್ಪ ನಾಚಿಕೆ ಹೆಮ್ಮೆ ಎರಡೂ ಬೆರೆತ ಮುಖದಲ್ಲಿ ನಡೆದದ್ದನ್ನು ಮಗಳ ಕಿವಿಯಲ್ಲಿ ಹೇಳಿದ. ಅವಳು ಬೆರಳು ಮಡಿಚಿ ಎಣಿಸಿದಳು.

“ಅಪ್ಪ, ಪಾಪಕ್ಕನಿಗೆ ಹೇಳಿದ್ರೆ ಇಡೀ ಬೋಗಿಗೇ ಹೇಳಿದ ಹಾಗೆ, ಎಲ್ರೂ ಕ್ಯಾಂಪಸ್‌ಗೆ ಹೋಗ್ತಾರೆ. ಬಂಗಾರಪೇಟೆಗೆ ನಾನು, ನವನೀತ್, ಇಬ್ರೇ ಆಗ್ತೀವಿ. ಐದು ಜನ ಇಲ್ದಿದ್ರೆ ಮತ್ತೆ ರದ್ದು. ಅಲ್ಲಿ ಇಪ್ಪತ್ತಕ್ಕಿಂತ ಜಾಸ್ತಿಯಾದ್ರೆ ಅದೂ ರದ್ದು.”

ಆಂಜಿನಪ್ಪ ಎದ್ದು ಓಡಿದ. ಸೆಲ್ವರಾಜನ ಕಾಲು ತುಳಿದ, ಗುಂಡೂರಾಯರ ಚೀಲ ಎಡವಿದ, ಸೌತೆಕಾಯಿ ಮಾರುವವಳ ಬುಟ್ಟಿ ದಾಟಿದ. ಪಾಪಕ್ಕ ಕಿಟಕಿಯ ಬೆಳಕಿಗೆ ಮೊಬೈಲು ಹಿಡಿದು ಕೂತಿದ್ದಳು.

“ಪಾಪಕ್ಕಾ! ಯಾರ್ಗೂ ಏಳಬ್ಯಾಡ! ನಾನು ಏಳಿದ್ದು ಸುಳ್ಳು. ಬಂಗಾರಪೇಟೆನೇ ಒಳ್ಳೇದು. ನಿಮ್ದೆಲ್ಲಾ ಬಂಗಾರಪೇಟೆಗೇ ಇರ‍್ಲಿ!”

ಪಾಪಕ್ಕ ಕನ್ನಡಕದ ಮೇಲಿನಿಂದ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸುತ್ತ ಕೂತವರೂ ನೋಡಿದರು.

“ಒಬ್ಳಿಗೆ ನಿಜ ಏಳ್ಬಿಟ್ಟೆ ಅಂತ ಈಗ ಒಟ್ಟೆ ಉರೀತಾ ಐತಾ?” ಎಂದಳು. “ನಮ್ನೆಲ್ಲಾ ಛತ್ರಕ್ಕೆ ಅಟ್ಟಿ ನೀನೊಬ್ನೇ ಕ್ಯಾಂಪಸ್‌ಗೆ ಓಗಣ ಅಂತಾ? ಆ ನಾಗೇಶನ ಜತೆ ಕಾಫಿ ಕುಡಿದೂ ಕುಡಿದೂ ನಿಂಗೂ ಅದೇ ಬುದ್ಧಿ ಬಂತಲ್ಲೋ ಆಂಜಿನಪ್ಪಾ.”

“ದೇವ್ರಾಣೆ ಪಾಪಕ್ಕಾ, ಬಂಗಾರಪೇಟೆನೇ!”

ಅವನು ಆಣೆಯಿಟ್ಟ ಮೇಲಂತೂ ಅಲ್ಲಿಯವರೆಗೆ ಅನುಮಾನಿಸುತ್ತಿದ್ದ ಬೂದಿಕೋಟೆಯ ಮೇಷ್ಟ್ರೂ ಜೇಬಿನಿಂದ ಮೊಬೈಲು ತೆಗೆದರು. ಗಾಡಿ ಬಂಗಾರಪೇಟೆಯ ಹೊರಗೆ ಸಿಗ್ನಲಿಗೆ ನಿಂತಿತು. ನೆಟ್‌ವರ್ಕು ಚೆನ್ನಾಗಿತ್ತು. ಬೋಗಿಯ ಈ ತುದಿಯಿಂದ ಆ ತುದಿಯವರೆಗೆ, ಒಂದರ ಹಿಂದೆ ಒಂದರಂತೆ, ಒಟಿಪಿ ಬಂದ ಸದ್ದು ಕೇಳತೊಡಗಿತು.